ನೋಟ ಮಾತ್ರ

ರಾತ್ರಿ ಹತ್ತಕ್ಕೆ ಗೌಸ್ ಪೀರ್ ಸಾಬರ ಫೋನು:
‘ಜಾಯ್ಸಮ್ಮಾ, ಒತ್ತು ಕೂರ್ತಾ ಇಲ್ಲ.
ಕೆಳಗೆ ಇಳಿಯೋದು ಬಿಟ್ಟು ಪಕ್ಕಕ್ಕೆ ಬಂದು ನಿಲ್ತದೆ,
ಬಸ್ಸಲ್ಲಿ ಸೀಟು ಸಿಗದೋರ ಹಾಗೆ.’

ಲಿಂಗರಾಜಪುರದ ನನ್ನ ಮಹಡಿ ಕೋಣೆಯಿಂದ
ಸುಲ್ತಾನ್‌ಪೇಟೆಯ ಅವರ ಪ್ರೆಸ್ಸಿಗೆ
ಹಗಲಾದರೆ ಎರಡು ಬಸ್ಸು, ಒಂದೂಕಾಲು ಗಂಟೆ.
ಈಗ ಒಂದು ಸಾಲು ಕಮಾಂಡು, ಒಂದು ಗುಪ್ತಪದ.
ಎಂಟೇ ಅಕ್ಷರ ಹಿಡಿಯುತ್ತದೆ ಅದು;
ಸಾಬರು ಪೇಟೆಯ ಹೆಸರನ್ನೇ ಇಂಗ್ಲಿಷಿನಲ್ಲಿ ಇಟ್ಟಿದ್ದಾರೆ,
ಕೊನೆಯ ಟೀ ಒಳಗೆ ಜಾಗವಿಲ್ಲದೆ
ಬೀದಿಯಲ್ಲೇ ನಿಂತಿದೆ.

ಪರದೆ ಬಂತು, ಒಂದೇ ಸಲಕ್ಕೆ ಅಲ್ಲ,
ಚೌಕ ಚೌಕವಾಗಿ, ಸಾರಿಸಿದ ನೆಲ ಅಲ್ಲಲ್ಲಿ ಒಣಗುವಂತೆ.
ಲೈಸೆನ್ಸಿನ ದುಡ್ಡಿಗೆ ಹೆದರಿ ಲಿನಕ್ಸಿಗೆ ಬಂದ ಹಳೇ ಡಬ್ಬ;
ಅದರ ಮುಖದ ತುಂಬ ಲಗ್ನಪತ್ರಿಕೆಗಳು:
ಫೈನಲ್, ಫೈನಲ್ ಎರಡು, ದೇವರಾಣೆ ಫೈನಲ್.
ಮೂಲೆಯ ಗಡಿಯಾರ ಏಳು ನಿಮಿಷ ಹಿಂದೆ.

ಮೌಸು ಮುಟ್ಟಿದೆ. ಅವರೂ ಮುಟ್ಟಿದರು.
ಒಂದೇ ಬಾಣ, ಎರಡು ಕೈ;
ನಾನು ಎಡಕ್ಕೆ ಎಳೆದರೆ ಅರ್ಧ ದಾರಿ ಬಂದು
ಗಾಳ ಕಚ್ಚಿದ ಮೀನಿನಂತೆ ಬಲಕ್ಕೆ ಜಗ್ಗುತ್ತದೆ.
‘ಸಾಬ್ರೇ, ಕೈ ಬಿಡಿ.’
‘ಬಿಟ್ಟೆನಮ್ಮಾ.’
ಬಿಟ್ಟಿರಲಿಲ್ಲ.

ಹಳೇ ಫಾಂಟು ಕಿತ್ತೆ, ಹೊಸದು ಹಾಕಿದೆ.
ಅಕ್ಕ, ಅತ್ತೆ, ಅಪ್ಪ ಎಂದು ಹೊಡೆದು ನೋಡಿದೆ,
ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತರು.
‘ಆಯ್ತು’ ಅಂದೆ. ಫೋನು ಇಟ್ಟರು.
ಕಿಟಕಿ ಮುಚ್ಚಬೇಕಿತ್ತು ನಾನು.
ಮುಚ್ಚದೆ ‘ನೋಟ ಮಾತ್ರ’ ಎಂಬಲ್ಲಿ ಒಂದು ಗುರುತು ಹಾಕಿದೆ,
ಒತ್ತು ಮತ್ತೆ ಎದ್ದು ಬಂದರೆ ಗೊತ್ತಾಗಲಿ ಅಂತ.
ಹಾಗಂತ ನನಗೆ ನಾನೇ ಹೇಳಿಕೊಂಡೆ.

ಬಾಣ ಸುಮ್ಮನಿತ್ತು. ಆಮೇಲೆ ಹೊರಟಿತು.
ಖಾಲಿ ಪುಟ, ಸುತ್ತ ಕಪ್ಪು ಗೆರೆ.
ಶ. ಶ್ರ. ಶ್ರದ್.
ಒಂದೇ ಬೆರಳಿನ ಟೈಪಿಂಗು, ಅದರ ಮೇಲೆ ನೆಟ್ಟಿನ ತಡ;
ದ ಕೆಳಗೆ ಧ ಹೋಗಿ ಕೂತಿತು.
ಅಲ್ಲಿ ನಿಂತರು, ಬಹಳ ಹೊತ್ತು.

ಇದಕ್ಕೇ ಬೇಕಿತ್ತು ಒತ್ತು, ಈ ರಾತ್ರಿ.

ತಿಮ್ಮರಾಯಿ, ಮೊಳೆ ಜೋಡಿಸುವವರು.
ನಾನು ಕಂಡದ್ದು ಒಂದೇ ಸಲ,
ಪ್ರೆಸ್ಸಿನ ಮೆಟ್ಟಿಲ ಮೇಲೆ, ಬೀಡಿ ಆರಿಸುತ್ತಿದ್ದರು.
ಸೀಸದ ಕಾಲದಲ್ಲಿ ಒತ್ತಿನ ಮೊಳೆ ಕೂರದಿದ್ದರೆ
ಅರದಲ್ಲಿ ಉಜ್ಜಿ ಕೂರಿಸುತ್ತಿದ್ದರಂತೆ.
ಅಕ್ಷರ ಉಲ್ಟಾ ಓದಿ ಓದಿ
ನೆಟ್ಟಗಿರುವ ಬಸ್ಸಿನ ಬೋರ್ಡಿನ ಮುಂದೆ ತಡವರಿಸುತ್ತಿದ್ದರಂತೆ.

‘ಮೂವತ್ತೊಂದು ವರ್ಷ ನಮ್ಮಲ್ಲಿ ಕೆಲಸಕ್ಕಿದ್ದ’
ಎಂದು ಬರೆದರು. ಅಳಿಸಿದರು.
‘ನಮ್ಮ ಜೊತೆ’. ಅಳಿಸಿದರು.
‘ನನ್ನ’ ಎಂದು ಬರೆದು ಮುಂದೆ ಹೋಗಲಿಲ್ಲ.
ಕೆಳಗೆ ಹೆಸರಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು: ತಿಮ್ಮರಯಿ.

ಗುರುತು ತೆಗೆದೆ. ಬಾಣ ಹಿಡಿದು ಹೋಗಿ
ರಕಾರಕ್ಕೆ ಅದರ ದೀರ್ಘ ಕೊಟ್ಟು ಬಂದೆ.
ಆಚೆ ಎಲ್ಲ ನಿಂತುಹೋಯಿತು.
ಕದ್ದು ನೋಡಿದವಳ ಬೆರಳು ತಣ್ಣಗಾಯಿತು.
ಆ ಕಪ್ಪು ಗೆರೆಯ ಒಳಗೇ ಅಕ್ಷರ ಬಂದವು:
‘ಇದ್ದೀಯೇನಮ್ಮಾ?’
‘ಇದ್ದೀನಿ.’
‘ಹೋಗಬೇಡ. ಈ ಸಾಲು ಮುಗೀಲಿ.’

ನನ್ನ ಏನು? ಗೆಳೆಯ ಅಂತ ನಾನು ಹೊಡೆದೆ,
ಅವರು ಅಳಿಸಿದರು.
ಬಲಗೈ ಅಂದರು, ತಾವೇ ಅಳಿಸಿದರು.
ಕೊನೆಗೆ ಕೆಳಗಿದ್ದ ಹೆಸರನ್ನೇ ಎಳೆದು ತಂದು
‘ನನ್ನ’ ಪಕ್ಕಕ್ಕೆ ಇಟ್ಟರು.
ಅಷ್ಟು ಹೊತ್ತೂ ಬಾಣದ ಮೇಲೆ ಇಬ್ಬರ ಕೈಯೂ ಇತ್ತು;
ಯಾರೂ ಜಗ್ಗಲಿಲ್ಲ.

ಹನ್ನೊಂದೂವರೆ. ಅವರ ಗಡಿಯಾರದಲ್ಲಿ
ಇನ್ನೂ ಏಳು ನಿಮಿಷ ಬಾಕಿ.
ಕೊಂಡಿ ಕಳಚಿದೆ.
ನನ್ನದೇ ಪರದೆ, ನನ್ನದೇ ಬಾಣ.
ಕೈ ಅಲುಗಿದೊಡನೆ ಅಲುಗಿತು,
ಎಷ್ಟು ಹಗುರ,
ಆಚೆ ತುದಿಯಲ್ಲಿ ಯಾರೂ ಹಿಡಿದಿಲ್ಲದ ಹಾಗೆ.